ಕೆರೆಯ ಮೇಲೆ ಓಡಿದ ಸೀನು

"ನೋಡಿ ರಾಯರೇ, ಇವತ್ತಿನ ಓಟ!" ಸೀನು ಮೊಬೈಲನ್ನು ರಾಯರ ಮೂಗಿಗೇ ಹಿಡಿದ. ಪಾರ್ಕಿನ ನಕ್ಷೆ, ಅದರ ಮೇಲೊಂದು ಕೆಂಪು ಗೆರೆ.

ರಾಯರು ಕನ್ನಡಕ ಸರಿಮಾಡಿಕೊಂಡರು. "ಗೆರೆ ಕೆರೆಯ ನಟ್ಟನಡುವೆ ಹೋಗಿದೆಯಲ್ಲೋ! ಚಡ್ಡಿ ಮಾತ್ರ ಒಣಗೇ ಇದೆ. ಯಾವಾಗ ಬಂತು ಈ ಸಿದ್ಧಿ?"

"ಅಯ್ಯೋ, ಮರದಡಿ ಜಿಪಿಎಸ್ ಹಾಗೇ."

"ಮಳೆ ಬಿದ್ದು ಎಲೆ ಒದ್ದೆಯಾದ್ರೆ ಇನ್ನೂ ಹಾಗೇ. ಸಾಲದ್ದಕ್ಕೆ ಬ್ಯಾಟರಿ ಉಳಿಸೋಕೆ ನಿನ್ನ ವಾಚು ಕೆಲವು ಸೆಕೆಂಡಿಗೊಂದು ಚುಕ್ಕಿ ಇಟ್ಟು ನೇರ ಗೆರೆ ಎಳೆಯುತ್ತೆ. ತಿರುವೆಲ್ಲ ಮಾಯ, ದೂರ ಕಡಿಮೆ. ಆಮೇಲೆ ನೀನು ಪೇಸ್, ಅಂದ್ರೆ ಓಟದ ವೇಗ, ಬಿತ್ತು ಅಂತ ಅಳ್ತೀಯ."

"ನಿಜವಾಗ್ಲೂ ಬಿದ್ದಿದೆ ರಾಯರೇ."

"ಬೀಳದೆ ಇರುತ್ತಾ? ಮೆತ್ತನೆ ಮಣ್ಣು ಸಾಲ ತಗೊಂಡ ನೆಂಟನಿದ್ದ ಹಾಗೆ. ನೀನು ತುಳಿದ ಬಲವನ್ನೆಲ್ಲ ನುಂಗುತ್ತೆ, ವಾಪಸ್ ಕೊಡಲ್ಲ."

ಬೆಂಚಿನ ಮೇಲಿದ್ದ ಗುಂಡಣ್ಣ ಕಣ್ಣು ತೆರೆಯದೇ ಕೇಳಿದ. "ಮಣ್ಣಲ್ಲಿ ಓಡಿದ್ರೆ ಮಂಡಿಗೆ ಒಳ್ಳೇದಂತೆ?"

"ನೀನು ಓಡಿದ್ರೆ ಬೆಂಚಿಗೂ ಒಳ್ಳೇದು. ಅದು ಅರ್ಧ ನಿಜ ಕಣಯ್ಯಾ. ನೆಲ ಮೆತ್ತಗಾದ್ರೆ ಕಾಲು ತಾನೇ ಬಿಗಿಯಾಗುತ್ತೆ, 1998ರಲ್ಲೇ ಅಳೆದು ನೋಡಿದಾರೆ. ಹಾಗಾಗಿ ಪೆಟ್ಟೇನೂ ಅಷ್ಟು ಕಡಿಮೆಯಾಗಲ್ಲ. ಲಾಭ ಬೇರೆ ಕಡೆ ಇದೆ. ಡಾಂಬರಿನಲ್ಲಿ ಸಾವಿರ ಹೆಜ್ಜೆಗೂ ಒಂದೇ ಅಚ್ಚು. ಇಲ್ಲಿ ಒಂದರ ಹಾಗೆ ಇನ್ನೊಂದಿಲ್ಲ, ಪೆಟ್ಟು ಒಂದೇ ಜಾಗಕ್ಕೆ ಬೀಳಲ್ಲ. ಆದ್ರೆ ಕಾಲಿನ ಗಿಣ್ಣು, ಮೀನಖಂಡ ಎರಡೂ ಜಾಸ್ತಿ ದುಡೀಬೇಕು. ಸಡಿಲ ಮರಳಾದ್ರೆ ಹಿಮ್ಮಡಿ ಹೂತುಹೋಗಿ ಅದರ ಮೇಲಿನ ಸ್ನಾಯುರಜ್ಜು ಎಳೆಯುತ್ತೆ. ಹೊಸಬರಿಗೆ ಮೊದಮೊದಲು ವಾರಕ್ಕೆರಡು ಸಲ, ಇಪ್ಪತ್ತು ನಿಮಿಷ ಸಾಕು. ಸೀನೂ, ಕಾಲೆತ್ತು."

ಸೀನು ಶೂ ತೋರಿಸಿದ. "ಅಟ್ಟೆಯೊಳಗೆ ಕಾರ್ಬನ್ ಪ್ಲೇಟು!"

"ಗೊತ್ತು. ರಸ್ತೆ ಸ್ಪರ್ಧೆಯಲ್ಲಿ ಅಟ್ಟೆಯ ದಪ್ಪ 40 ಮಿಲಿಮೀಟರ್ ದಾಟಬಾರದು. ನಿನ್ನದು ಆ ಗಡಿಯಲ್ಲೇ ನಿಂತಿದೆ. ಡಾಂಬರಿಗೆ ಸರಿ. ಬೇರು, ಗುಂಡಿ ಇರೋ ಕಡೆ ಇದು ಮಣೆಯ ಮೇಲೆ ಹತ್ತಿ ಓಡಿದ ಹಾಗೆ. ಅಷ್ಟೆತ್ತರದಿಂದ ಪಾದ ವಾಲಿದ್ರೆ ಗಿಣ್ಣು ಉಳುಕದೆ ಇರುತ್ತಾ? ಒಣ ಗಟ್ಟಿಮಣ್ಣಿಗೆ ಮಾಮೂಲಿ ಶೂ ನಡೆಯುತ್ತೆ. ಒದ್ದೆ ಮಣ್ಣಿಗೆ ಅಟ್ಟೆಯಡಿ ನಾಲ್ಕೈದು ಮಿಲಿಮೀಟರ್ ಹಲ್ಲಿರಬೇಕು. ಒದ್ದೆ ಬೇರಿಗೆ ಯಾವ ಹಲ್ಲೂ ಕಚ್ಚಲ್ಲ, ತುಳೀಬೇಡ, ದಾಟು."

"ಬೇರು ಕಾಣ್ಬೇಕಲ್ಲ?"

"ವಾಚು ನೋಡ್ತಿದ್ರೆ ಹೇಗೆ ಕಾಣುತ್ತೆ? ಕಿಲೋಮೀಟರಿಗೆ ಆರು ನಿಮಿಷದ ಲೆಕ್ಕದಲ್ಲಿ, ನೀನು ಮಣಿಕಟ್ಟು ನೋಡೋ ಒಂದೇ ಸೆಕೆಂಡಿಗೆ ಎರಡೂಮುಕ್ಕಾಲು ಮೀಟರ್ ಕುರುಡು ಓಟ. ಮೂರು ಹೆಜ್ಜೆ! ಕಣ್ಣು ಮೂರ್ನಾಲ್ಕು ಮೀಟರ್ ಮುಂದೆ ಇರ್ಲಿ, ಹೆಜ್ಜೆ ಚಿಕ್ಕದಿರ್ಲಿ, ಪಾದ ಸ್ವಲ್ಪ ಎತ್ತಿ ಇಡು. ತರಗೆಲೆ ದಪ್ಪಗೆ ಬಿದ್ದಿದ್ರೆ ಅದರಡಿ ಗುಂಡಿ ಇದೆ ಅಂತಲೇ ತಿಳ್ಕೊ."

"ಕೆಸರು ಬಂದ್ರೆ ಪಕ್ಕದ ಹುಲ್ಲಲ್ಲಿ ಹೋಗ್ಬಹುದಲ್ಲ?" ಗುಂಡಣ್ಣನಿಗೆ ಈಗ ಪೂರ್ತಿ ಎಚ್ಚರ.

"ಒಬ್ಬೊಬ್ಬರೂ ಪಕ್ಕಕ್ಕೆ ಹೋದ್ರೆ ಹುಲ್ಲು ಸತ್ತು ಕೆಸರೇ ಅಗಲವಾಗುತ್ತೆ. ನಡುವೆಯೇ ಹಾಯಬೇಕು. ಕೆರೆ ದಾಟಿದವನಿಗೆ ಕೆಸರೇನು ಮಹಾ!" ರಾಯರು ಎದ್ದರು. "ಅಲ್ವೋ ಸೀನೂ, ಕೆರೆ ಅಂಚಿನ ಒಣಕೊಂಬೆ ಮೇಲೆ ಕೊಕ್ಕರೆ ಕೂತಿತ್ತಲ್ಲ, ನೋಡಿದ್ಯಾ?"

ಸೀನು ಮೊಬೈಲಿನ ನಕ್ಷೆಯನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಹುಡುಕಿದ.

ಮರುದಿನ ಅವನ ಮಣಿಕಟ್ಟು ಬೋಳಾಗಿತ್ತು.

"ಚಾರ್ಜ್ ಮುಗೀತಾ?" ಗುಂಡಣ್ಣ ಕೇಳಿದ. "ಎಷ್ಟಾಯ್ತು ಇವತ್ತು?"

"ಗೊತ್ತಿಲ್ಲ. ಎರಡು ಸುತ್ತು. ಮೂರೋ ಏನೋ." ಸೀನು ರಾಯರ ಕಡೆ ತಿರುಗಿದ. "ಕೊಕ್ಕರೆ ಇರ್ಲಿಲ್ಲ ರಾಯರೇ."

"ಹಾಗಾದ್ರೆ ನೀನು ಓಡಿದ್ದಕ್ಕೆ ಸಾಕ್ಷೀನೇ ಇಲ್ಲ!" ಅಂದ ಗುಂಡಣ್ಣ.

ರಾಯರು ಮಾತಾಡಲಿಲ್ಲ. ಸೀನುವಿನ ಕಾಲು ನೋಡುತ್ತಿದ್ದರು. ಮಂಡಿತನಕ ಕೆಸರು.