ಬೀಜದಿಂದ ಬೆಳೆದ ಕಾರ್ಪೆಟ್ ಗಿಡದ ಮೇಲೆ ನೀರು ತುಂಬಿಸಬಹುದೇ?

ಪ್ರಶ್ನೆ: ದಾವಣಗೆರೆ ಹವ್ಯಾಸಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಅಕ್ವೇರಿಯಂ ಇದೆ. ಅದರ ನೆಲವನ್ನೆಲ್ಲ ಹುಲ್ಲುಹಾಸಿನಂತೆ ಹಸಿರು ಮಾಡಬೇಕೆಂಬ ಆಸೆಯಿಂದ ಆನ್‌ಲೈನ್‌ನಲ್ಲಿ ‘ಮಿನಿ ಹೇರ್‌ಗ್ರಾಸ್’ ಎಂದು ಮಾರುವ ಬೀಜದ ಪೊಟ್ಟಣವನ್ನು ತರಿಸಿದೆ. ಪೊಟ್ಟಣದ ಮೇಲಿನ ಸೂಚನೆಯಂತೆ ಅಕ್ವಾಸಾಯಿಲ್ (ಜಲಸಸ್ಯಗಳಿಗೆಂದೇ ಮಾಡಿದ ಕಾಳುಕಾಳಾದ ಮಣ್ಣು) ಹರಡಿ, ಅದನ್ನು ಒದ್ದೆ ಮಾಡಿ, ಬೀಜ ಉದುರಿಸಿ, ಬಾಯಿಗೆ ಪ್ಲಾಸ್ಟಿಕ್ ಹಾಳೆ ಬಿಗಿದು ದೀಪ ಹಚ್ಚಿಟ್ಟೆ. ಕೆಲವೇ ದಿನಗಳಲ್ಲಿ ಬೀಜಗಳು ಮೊಳೆತು, ಈಗ ನೆಲವೇ ಕಾಣದಷ್ಟು ಒತ್ತಾಗಿ ಸಸಿಗಳು ಎದ್ದಿವೆ.

ಇನ್ನು ನೀರು ತುಂಬಿಸುವ ಹಂತ. ಆದರೆ ನೀರು ತುಂಬಿಸಿದ ಮೇಲೆ ಸಸಿಗಳೆಲ್ಲ ಕೊಳೆತುಹೋದವೆಂದು ಹಲವರು ಬರೆದಿರುವುದನ್ನು ಓದಿ ಕೈ ಹಿಂಜರಿಯುತ್ತಿದೆ. ಸಸಿ ಎಷ್ಟು ಎತ್ತರವಾದ ಮೇಲೆ ನೀರು ತುಂಬಿಸಬೇಕು? ಕಾರ್ಬನ್ ಡೈಆಕ್ಸೈಡ್ ಕೊಡದೆ ಇವು ಉಳಿಯುತ್ತವೆಯೇ? ನಮ್ಮಲ್ಲಿರುವುದು ಬೋರ್‌ವೆಲ್‌ನ ಗಡಸು ನೀರು, ಅದರಿಂದ ತೊಂದರೆಯಾದೀತೇ? ಮುಂದೆ ಗಪ್ಪಿ ಮತ್ತು ಒಂದಿಷ್ಟು ಸಣ್ಣ ಟೆಟ್ರಾ ಮೀನುಗಳನ್ನು ಬಿಡುವ ಯೋಚನೆಯಿದೆ. ತಿಳಿದವರು ದಯವಿಟ್ಟು ವಿವರವಾಗಿ ತಿಳಿಸಬೇಕಾಗಿ ವಿನಂತಿ.

ಉತ್ತರ: ಜಲವನ, ಬೆಂಗಳೂರು

ನಮಸ್ಕಾರ. ಸದ್ಯಕ್ಕೆ ನೀರು ತುಂಬಿಸಬೇಡಿ ಎಂಬುದು ನನ್ನ ಮೊದಲ ಮಾತು. ಎಷ್ಟು ಎತ್ತರವಾದ ಮೇಲೆ ತುಂಬಿಸಬೇಕು ಎನ್ನುವುದಕ್ಕಿಂತ, ತೊಟ್ಟಿಯಲ್ಲಿ ಎದ್ದಿರುವುದು ಯಾವ ಗಿಡ ಎಂಬುದು ಮೊದಲು ಇತ್ಯರ್ಥವಾಗಬೇಕು.

ಅಕ್ವೇರಿಯಂನ ನೆಲಕ್ಕೆ ಹಾಸಾಗಿ ಬೆಳೆಸುವ ಗಿಡಗಳೆಂದರೆ ಮಾಂಟೆ ಕಾರ್ಲೊ, ಕ್ಯೂಬಾದ ಹೆಮಿಯಾಂಥಸ್, ಗ್ಲಾಸೊಸ್ಟಿಗ್ಮಾ, ಎಲಿಯೋಕ್ಯಾರಿಸ್ ಜಾತಿಯ ಹೇರ್‌ಗ್ರಾಸ್, ಲಿಲಿಯಾಪ್ಸಿಸ್, ಮಾರ್ಸಿಲಿಯಾ ಮುಂತಾದವು. ಇವನ್ನು ಬೆಳೆಸುವ ನರ್ಸರಿಗಳು ಬೀಜ ಬಿತ್ತುವುದಿಲ್ಲ. ಕಾಂಡದ ತುಂಡುಗಳಿಂದ, ನೆಲದ ಮೇಲೆ ಹಬ್ಬುವ ಬಳ್ಳಿಗಳಿಂದ, ಇಲ್ಲವೇ ಅಂಗಾಂಶ ಕೃಷಿಯಿಂದ (ಗಿಡದ ಚೂರನ್ನು ಪೋಷಕ ಜೆಲ್ಲಿನಲ್ಲಿ ಬೆಳೆಸುವ ಪ್ರಯೋಗಾಲಯದ ವಿಧಾನ) ಸಸಿ ಮಾಡುತ್ತಾರೆ. ಮಾರ್ಸಿಲಿಯಾ ಜರೀಗಿಡದ ಬಳಗಕ್ಕೆ ಸೇರಿದ್ದರಿಂದ ಅದಕ್ಕೆ ಬೀಜವೆಂಬುದೇ ಇಲ್ಲ. ಮಾಂಟೆ ಕಾರ್ಲೊ, ಗ್ಲಾಸೊಸ್ಟಿಗ್ಮಾಗಳ ಬೀಜ ಧೂಳಿನಷ್ಟು ಸಣ್ಣದು. ಅದನ್ನು ಕೂಡಿಸಿ, ಒಣಗಿಸಿ, ಪೊಟ್ಟಣದಲ್ಲಿ ತುಂಬಿ ಅಗ್ಗದ ಬೆಲೆಗೆ ಮಾರುವುದು ಯಾರಿಗೂ ಗಿಟ್ಟುವ ವ್ಯಾಪಾರವಲ್ಲ. ಆದ್ದರಿಂದ ಈ ಹೆಸರುಗಳಲ್ಲಿ ಬರುವ ಪೊಟ್ಟಣಗಳಲ್ಲಿ ಸಾಮಾನ್ಯವಾಗಿ ಬೇರೆಯದೇ ಬೀಜ ಇರುತ್ತದೆ. ಬೆಳೆದ ಮೇಲೆ ಗುರುತಿಸಿ ನೋಡಿದವರಿಗೆ ಹೆಚ್ಚಾಗಿ ಸಿಕ್ಕಿರುವುದು ಹೈಗ್ರೋಫಿಲಾ ಜಾತಿಯ ಗಿಡಗಳು. ಉಳಿದವು ಕೆರೆಯಂಚಿನ ಕೆಸರಿನಲ್ಲಿ ಬೆಳೆಯುವ ಬೇರೆ ಸಸ್ಯಗಳು, ಕೆಲವೊಮ್ಮೆ ಅಪ್ಪಟ ನೆಲದ ಗಿಡಗಳೇ.

ಒದ್ದೆ ಮಣ್ಣು, ತೇವದ ಗಾಳಿ, ಬೆಳಕು ಇದ್ದರೆ ಇವೆಲ್ಲ ಸೊಗಸಾಗಿ ಮೊಳೆಯುತ್ತವೆ. ಮಾರಾಟದ ಜಾಹೀರಾತಿನ ಚಿತ್ರಗಳೆಲ್ಲ ಆ ಹಂತದವೇ ಆಗಿರುವುದರಿಂದ ಕೊಂಡವರಿಗೆ ಮೊದಲ ವಾರಗಳಲ್ಲಿ ಅನುಮಾನವೇ ಬರುವುದಿಲ್ಲ. ನೀರಿನಡಿಗೆ ಹೋದ ಮೇಲೆ ಎರಡು ಮೂರು ವಾರ ಸಸಿಯಲ್ಲಿ ಕೂಡಿಟ್ಟ ಶಕ್ತಿಯಿಂದ ಅವು ತಡೆದುಕೊಳ್ಳುತ್ತವೆ; ಆಮೇಲೆ ಎಲೆ ಪಾರದರ್ಶಕವಾಗಿ, ಬುಡ ಮೆತ್ತಗಾಗಿ, ಹಾಸು ಪಟ್ಟಿಪಟ್ಟಿಯಾಗಿ ಕಿತ್ತು ತೇಲತೊಡಗುತ್ತದೆ. ನೀವು ಓದಿದ ಅನುಭವಗಳೆಲ್ಲ ಈ ಹಂತದ್ದೇ. ಆ ಹೊತ್ತಿಗೆ ಮೀನು ಬಿಟ್ಟಿದ್ದರೆ ಪರಿಸ್ಥಿತಿ ಇನ್ನೂ ಕೆಡುತ್ತದೆ: ಸಾವಿರಾರು ಸಸಿಗಳು ಒಟ್ಟಿಗೆ ಕೊಳೆತಾಗ ನೀರಿನಲ್ಲಿ ಅಮೋನಿಯಾ ಏರುತ್ತದೆ, ಆಮ್ಲಜನಕ ಇಳಿಯುತ್ತದೆ, ರಾತ್ರಿ ಬೆಳಗಾಗುವುದರೊಳಗೆ ಮೀನುಗಳು ಮೇಲ್ಮೈಗೆ ಬಂದು ಬಾಯಿ ಬಿಡುತ್ತವೆ.

ಉತ್ತರ: ಸಸ್ಯಶಾಸ್ತ್ರದ ಮೇಷ್ಟ್ರು, ಶಿರಸಿ

ಜಲವನ ಅವರು ಹೇಳಿದ್ದು ಸರಿಯಾಗಿದೆ. ನಿಮ್ಮ ಗಿಡ ಹೇರ್‌ಗ್ರಾಸ್ ಹೌದೋ ಅಲ್ಲವೋ ಎಂಬುದನ್ನು ಮನೆಯಲ್ಲಿಯೇ ಪರೀಕ್ಷಿಸಲು ಎರಡು ದಾರಿಗಳಿವೆ. ಎರಡಕ್ಕೂ ಒಂದು ಭೂತಗನ್ನಡಿ ಸಾಕು.

ಪೊಟ್ಟಣದಲ್ಲಿ ಬೀಜ ಉಳಿದಿದ್ದರೆ ನಾಲ್ಕು ಕಾಳನ್ನು ಬಿಳಿ ತಟ್ಟೆಯಲ್ಲಿಟ್ಟು ಎರಡು ಹನಿ ನೀರು ಹಾಕಿ, ಕಾಲು ಗಂಟೆ ಬಿಟ್ಟು ನೋಡಿ. ಶರಬತ್ತಿಗೆ ಹಾಕುವ ಕಾಮಕಸ್ತೂರಿ ಬೀಜಕ್ಕೆ ಆಗುವಂತೆ ಪ್ರತಿ ಕಾಳಿನ ಸುತ್ತ ಲೋಳೆಯ ಪೊರೆ ಕಟ್ಟಿಕೊಂಡರೆ ಅದು ಹೇರ್‌ಗ್ರಾಸ್ ಅಲ್ಲ. ತುಳಸಿಯ ಕುಟುಂಬದ ಹಲವು ಗಿಡಗಳಲ್ಲಿಯೂ ಹೈಗ್ರೋಫಿಲಾ ಇರುವ ಅಕ್ಯಾಂಥೇಸೀ ಕುಟುಂಬದಲ್ಲಿಯೂ ಇಂಥ ಲೋಳೆ ಸಾಮಾನ್ಯ. ನಮ್ಮ ಕೆರೆಯಂಚಿನಲ್ಲಿ, ಗದ್ದೆಯ ಬದಿಯಲ್ಲಿ ಮುಳ್ಳುಮುಳ್ಳಾಗಿ ಬೆಳೆಯುವ, ಆಯುರ್ವೇದದವರು ಕೋಕಿಲಾಕ್ಷ ಎನ್ನುವ ಗಿಡವೂ ಒಂದು ಹೈಗ್ರೋಫಿಲಾ. ಅದರ ಬೀಜವನ್ನು ಬಾಯಿಗೆ ಹಾಕಿಕೊಂಡರೆ ಅಂಗುಳಕ್ಕೆ ಅಂಟಿಕೊಳ್ಳುವುದನ್ನು ಹಳ್ಳಿಯಲ್ಲಿ ಬೆಳೆದವರು ಬಲ್ಲರು. ಬೀಜವನ್ನು ಕೆಸರಿಗೆ ಅಂಟಿಸಿ, ಮೊಳೆಯುವ ತನಕ ತೇವವನ್ನು ಹಿಡಿದಿಡಲು ಆ ಲೋಳೆ ನೆರವಾಗುತ್ತದೆ.

ಎರಡನೆಯದು ಸಸಿಯ ಪರೀಕ್ಷೆ. ಹೇರ್‌ಗ್ರಾಸ್ ಜೇಕಿನ ಹುಲ್ಲಿನ ಬಳಗದ ಏಕದಳ ಸಸ್ಯ. ಅದು ಮೊಳೆತರೆ ದಾರದಂತಹ ಒಂದೇ ಎಳೆ ಮೇಲೇಳುತ್ತದೆ. ಗಿಣ್ಣಿನಲ್ಲಿ ಎದುರುಬದುರು ಎಲೆ ಬರುವ ಪ್ರಶ್ನೆಯೇ ಇಲ್ಲ. ನಿಮ್ಮ ಸಸಿಯ ಬುಡದಲ್ಲಿ ಎರಡು ದುಂಡನೆಯ ಬೀಜದಳಗಳು, ಅವುಗಳ ಮೇಲೆ ಅಡ್ಡಕ್ಕೆ ಇನ್ನೊಂದು ಜೊತೆ ಎಲೆ ಕಂಡರೆ ಅದು ದ್ವಿದಳ ಸಸ್ಯ. ಪೊಟ್ಟಣದ ಮೇಲೆ ಯಾವ ಹೆಸರೇ ಇರಲಿ, ಈ ಒಂದು ಗುರುತಿನಿಂದ ವಿಷಯ ತೀರ್ಮಾನವಾಗುತ್ತದೆ.

ಇನ್ನು ನೀರಿನಡಿಯಲ್ಲಿ ಅವು ಏಕೆ ಸಾಯುತ್ತವೆ ಎಂಬುದು. ನೀರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಹರಡುವ ವೇಗ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ಕಡಿಮೆ. ನೆಲದ ಗಿಡದ ಎಲೆಗೆ ಮೇಣದಂತಹ ಹೊದಿಕೆ ಇರುತ್ತದೆ. ಎಲೆ ಅನಿಲವನ್ನು ಒಳಗೆ ಬಿಟ್ಟುಕೊಳ್ಳುವುದು ಪತ್ರರಂಧ್ರಗಳ ಮೂಲಕ. ಮುಳುಗಿದಾಗ ಆ ದಾರಿ ಬಹುಮಟ್ಟಿಗೆ ಮುಚ್ಚಿಹೋಗುತ್ತದೆ. ನೀರಿನೊಳಗೆ ಬದುಕಬಲ್ಲ ಗಿಡಗಳು ತೆಳುವಾದ, ಹೊದಿಕೆ ಅತ್ಯಲ್ಪವಾದ ಹೊಸ ಎಲೆಗಳನ್ನು ಬಿಟ್ಟು, ಎಲೆಯ ಇಡೀ ಮೈಯಿಂದ ಅನಿಲವನ್ನೂ ಪೋಷಕಾಂಶವನ್ನೂ ಹೀರುತ್ತವೆ. ಮಾಂಟೆ ಕಾರ್ಲೊ ಕೂಡ ನೀರು ತುಂಬಿಸಿದ ಮೊದಲ ದಿನಗಳಲ್ಲಿ ಹಳೆಯ ಎಲೆಗಳನ್ನು ಕಳೆದುಕೊಳ್ಳುತ್ತದೆ, ಆದರೆ ಗಿಣ್ಣುಗಳಿಂದ ಹೊಸ ರೂಪದ ಎಲೆ ಬರುತ್ತದೆ. ನೆಲದ ಗಿಡಕ್ಕೆ ಆ ಎರಡನೆಯ ರೂಪವೇ ಇಲ್ಲವಾದ್ದರಿಂದ ಎಷ್ಟು ಎತ್ತರ ಬೆಳೆಸಿ ಮುಳುಗಿಸಿದರೂ ಫಲ ಒಂದೇ.

ಬೀಜದಿಂದ ಜಲಸಸ್ಯ ಬೆಳೆಯುವುದೇ ಇಲ್ಲವೆಂದು ಯಾರೂ ತಿಳಿಯಬಾರದು. ನಮ್ಮ ಕೆರೆಗಳಲ್ಲಿ, ನೀರು ನಿಂತ ಗದ್ದೆಗಳಲ್ಲಿ ಬೆಳೆಯುವ ಒಟ್ಟೀಲಿಯಾ ಅಲಿಸ್ಮಾಯ್ಡಿಸ್ ಪೂರ್ತಿ ಮುಳುಗಿಯೇ ಬದುಕುವ ಸಸ್ಯ. ಹೂವೊಂದನ್ನು ಮಾತ್ರ ನೀರಿನ ಮೇಲೆ ಅರಳಿಸುತ್ತದೆ; ಬಲಿತ ಕಾಯಿ ಬಿರಿದು ಬೀಜ ಕೆಸರಿಗಿಳಿದು ನೀರಿನಡಿಯಲ್ಲಿಯೇ ಮೊಳೆಯುತ್ತದೆ. ಅಕ್ವೇರಿಯಂ ಹವ್ಯಾಸಿಗಳ ಮೆಚ್ಚಿನ ಬಾರ್‌ಕ್ಲಾಯಾ ಲಾಂಗಿಫೋಲಿಯಾ ನೀರಿನೊಳಗೇ ಮೊಗ್ಗು ಬಿಟ್ಟು, ತನ್ನಷ್ಟಕ್ಕೆ ಪರಾಗಸ್ಪರ್ಶ ಮಾಡಿಕೊಂಡು ಬೀಜ ಕಟ್ಟುತ್ತದೆ. ಆದರೆ ಇವೆರಡೂ ನೆಲಹಾಸಾಗುವ ಗಿಡಗಳಲ್ಲ. ಅಂಗೈಗಿಂತ ದೊಡ್ಡ ಎಲೆಯ, ಒಂಟಿಯಾಗಿ ನಿಂತರೇ ಚೆಂದ ಕಾಣುವ ಗಿಡಗಳು.

ಉತ್ತರ: ನೇತ್ರಾವತಿ, ಮಂಗಳೂರು

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಈ ಬೀಜಗಳೆಲ್ಲ ನೀರಿನಲ್ಲಿ ಸತ್ತೇ ಹೋಗುತ್ತವೆ ಎಂದು ಸಾರಾಸಗಟಾಗಿ ಹೇಳಲಾಗದು. ನನ್ನ ಪರಿಚಯದವರೊಬ್ಬರ ತೊಟ್ಟಿಯಲ್ಲಿ ಸಿಲಿಂಡರಿನಿಂದ ಕಾರ್ಬನ್ ಡೈಆಕ್ಸೈಡ್ ಕೊಟ್ಟು, ಪ್ರಖರವಾದ ಬೆಳಕಿಟ್ಟು, ಇಂಥದೇ ಪೊಟ್ಟಣದ ಗಿಡವನ್ನು ತಿಂಗಳುಗಟ್ಟಲೆ ಉಳಿಸಿಕೊಂಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದೃಷ್ಟವಶಾತ್ ಅದು ನೀರಿನಡಿಯಲ್ಲಿ ಬದುಕಬಲ್ಲ ಹೈಗ್ರೋಫಿಲಾ ಆಗಿದ್ದಿರಬೇಕು. ಆದರೆ ಅದು ನೆಲಕ್ಕೆ ಹಬ್ಬುವ ಸ್ವಭಾವದ್ದಲ್ಲವಾದ್ದರಿಂದ ಪ್ರತಿ ವಾರ ಕತ್ತರಿಸುತ್ತಲೇ ಇರಬೇಕಾಗಿತ್ತು. ಕತ್ತರಿಸಿದಷ್ಟೂ ಮೇಲ್ಭಾಗ ದಟ್ಟವಾಗಿ, ಬೆಳಕು ಕಾಣದ ಬುಡ ಕಂದಿ, ಕೊನೆಗೆ ಹಾಸು ನೆಲದಿಂದ ಮೇಲೆದ್ದಿತು.

ಆದ್ದರಿಂದ ಈಗ ಎದ್ದಿರುವ ಸಸಿಗಳನ್ನೆಲ್ಲ ಎಸೆಯುವ ಮುಂಚೆ ಒಂದು ಹಿಡಿಯನ್ನು ಬುಡಸಮೇತ ಎಬ್ಬಿಸಿ, ಗಾಜಿನ ಭರಣಿಯಲ್ಲಿ ಅದೇ ದೀಪದಡಿ ಮುಳುಗಿಸಿಟ್ಟು ಒಂದು ತಿಂಗಳು ಗಮನಿಸಿ. ನೀರಿನಡಿಯಲ್ಲಿ ಹುಟ್ಟಿದ ಹೊಸ ಎಲೆ ಕಾಣಿಸಿದರೆ ಗಿಡಕ್ಕೆ ಆ ಶಕ್ತಿ ಇದೆಯೆಂದು ಅರ್ಥ. ಹಳೆಯ ಎಲೆ ಹಸಿರಾಗಿ ಉಳಿದಿದೆ ಎಂಬುದನ್ನಷ್ಟೇ ನಂಬಬೇಡಿ. ಉಳಿದ ಸಸಿಗಳಿಗೂ ಒಂದು ಉಪಯೋಗವಿದೆ. ತೊಟ್ಟಿಯ ಅರ್ಧಭಾಗವನ್ನು ದಿಬ್ಬ ಮಾಡಿ ನೀರಿನ ಮಟ್ಟ ಅದಕ್ಕಿಂತ ಕೆಳಗಿರುವಂತೆ ನೋಡಿಕೊಂಡರೆ, ತಲೆ ಗಾಳಿಯಲ್ಲಿಟ್ಟುಕೊಂಡು ಬೇರನ್ನು ಒದ್ದೆಯಲ್ಲಿಟ್ಟುಕೊಂಡು ಕೆಸರಿನ ಗಿಡಗಳು ಚೆನ್ನಾಗಿಯೇ ಬೆಳೆಯುತ್ತವೆ.

ಮರುಮಾತು: ದಾವಣಗೆರೆ ಹವ್ಯಾಸಿ

ಇಷ್ಟು ತಾಳ್ಮೆಯಿಂದ ಬರೆದ ಎಲ್ಲರಿಗೂ ಧನ್ಯವಾದಗಳು. ಮೇಷ್ಟ್ರು ಹೇಳಿದ ಎರಡು ಪರೀಕ್ಷೆಗಳನ್ನೂ ಮಾಡಿದೆ. ಬೀಜದ ಸುತ್ತ ಬೂದುಬಣ್ಣದ ಲೋಳೆ ಸ್ಪಷ್ಟವಾಗಿ ಕಟ್ಟಿತು; ತಟ್ಟೆಯನ್ನು ಓರೆ ಮಾಡಿದರೂ ಕಾಳು ಜಾರಲಿಲ್ಲ. ಸಸಿಯಲ್ಲಿ ಎರಡು ಬೀಜದಳ, ಅದರ ಮೇಲೆ ಎದುರುಬದುರಾದ ಉದ್ದನೆಯ ಎಲೆಗಳಿವೆ. ಹೇರ್‌ಗ್ರಾಸ್ ಅಲ್ಲವೆಂಬುದು ಖಚಿತವಾಯಿತು. ಒಂದು ಹಿಡಿಯನ್ನು ಭರಣಿಗೆ ಹಾಕಿಟ್ಟಿದ್ದೇನೆ. ಈಗ ನೆಲಹಾಸು ಬೇಕೆಂದರೆ ನಮ್ಮ ನೀರಿಗೆ, ನಮ್ಮ ಸೆಕೆಗೆ ಯಾವ ಗಿಡ ಹೊಂದುತ್ತದೆ, ಹೇಗೆ ಆರಂಭಿಸಬೇಕು ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಜಲವನ, ಬೆಂಗಳೂರು

ನೀವು ಮಾಡಿದ ‘ಒಣ ಆರಂಭ’ದ ವಿಧಾನದಲ್ಲಿ, ಅಂದರೆ ನೀರು ತುಂಬಿಸದೆ ಒದ್ದೆ ಮಣ್ಣಿನಲ್ಲಿಯೇ ಗಿಡ ಬೆಳೆಸಿಕೊಳ್ಳುವುದರಲ್ಲಿ, ತಪ್ಪೇನೂ ಇಲ್ಲ. ಅಮೆರಿಕದ ಜಲಸಸ್ಯ ತಜ್ಞ ಟಾಮ್ ಬಾರ್ ಅವರು ಜನಪ್ರಿಯಗೊಳಿಸಿದ ಈ ವಿಧಾನ ನೆಲಹಾಸಿಗೆ ಹೇಳಿ ಮಾಡಿಸಿದಂತಿದೆ. ಬೀಜದ ಬದಲು ನಿಜವಾದ ಗಿಡವನ್ನು ನೆಟ್ಟರೆ ಸಾಕು. ಮೊದಲು ಈಗಿರುವ ಸಸಿಗಳನ್ನು ತೆಗೆಯಿರಿ. ಒಟ್ಟಿಗೆ ಎಳೆದರೆ ಅಕ್ವಾಸಾಯಿಲ್ ಕಾಳುಗಳೂ ಬೇರಿನೊಡನೆ ಮೇಲೆದ್ದು ಬರುತ್ತವೆ. ಆದ್ದರಿಂದ ಚಾಕುವಿನಿಂದ ಚೌಕಚೌಕವಾಗಿ ಗೀರಿ, ಪ್ರತಿ ಚೌಕವನ್ನು ಎಬ್ಬಿಸಿ ಬಕೆಟ್ಟಿನ ನೀರಿನಲ್ಲಿ ಅಲ್ಲಾಡಿಸಿದರೆ ಕಾಳು ತಳಕ್ಕೆ ಇಳಿಯುತ್ತದೆ.

ನಿಮ್ಮ ತೊಟ್ಟಿಗೆ ಮಾಂಟೆ ಕಾರ್ಲೊ ನನ್ನ ಮೊದಲ ಆಯ್ಕೆ. ಕ್ಯೂಬಾದ ಹೆಮಿಯಾಂಥಸ್‌ಗಿಂತ ಅದು ಗಡಸು ನೀರನ್ನೂ ಸೆಕೆಯನ್ನೂ ಹೆಚ್ಚು ಸಹಿಸುತ್ತದೆ. ಅಂಗಾಂಶ ಕೃಷಿಯ ಡಬ್ಬಿಯನ್ನೇ ಕೊಳ್ಳಿ; ಅದರಲ್ಲಿ ಬಸವನಹುಳು, ಪಾಚಿಗಳ ಸೋಂಕು ಇರುವುದಿಲ್ಲ. ಬೇರಿಗಂಟಿದ ಜೆಲ್ಲನ್ನು ಉಗುರುಬೆಚ್ಚಗಿನ ನೀರಿನಲ್ಲಿ ಪೂರ್ತಿ ತೊಳೆದು, ಕಡಲೆಕಾಳಿನಷ್ಟು ಸಣ್ಣ ಗುಂಪುಗಳಾಗಿ ಬಿಡಿಸಿ, ಉದ್ದನೆಯ ಚಿಮಟದಿಂದ ಎರಡು ಸೆಂಟಿಮೀಟರ್ ಅಂತರದಲ್ಲಿ ಎಲೆಯ ತುದಿ ಮಾತ್ರ ಕಾಣುವಷ್ಟು ಆಳಕ್ಕೆ ನೆಡಿ. ನೀರು ಮಣ್ಣಿನ ಮೇಲ್ಮೈಗಿಂತ ಕೆಳಗೇ ಇರಲಿ; ಮೇಲೆ ನಿಂತರೆ ಪಾಚಿ ಕಟ್ಟುತ್ತದೆ. ಬೂಷ್ಟು ಹಿಡಿಯದಂತೆ ದಿನಕ್ಕೊಮ್ಮೆ ಪ್ಲಾಸ್ಟಿಕ್ ಹಾಳೆಯನ್ನು ಸರಿಸಿ ಗಾಳಿಯಾಡಿಸಿ. ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರಗಳಲ್ಲಿ ಬೇರು ನೆಲವನ್ನು ಹಿಡಿಯುತ್ತದೆ.

ನೀರು ತುಂಬಿಸುವ ದಿನವೇ ಕಾರ್ಬನ್ ಡೈಆಕ್ಸೈಡ್ ಆರಂಭವಾಗಬೇಕು. ಲೀಟರಿಗೆ 20ರಿಂದ 30 ಮಿಲಿಗ್ರಾಂ ಗುರಿಯಿರಲಿ. ಅಡುಗೆ ಸೋಡಾ ಮತ್ತು ಸಿಟ್ರಿಕ್ ಆಮ್ಲದ ಎರಡು ಬಾಟಲಿಯ ಉಪಕರಣ ನಿಮ್ಮ ಅಳತೆಯ ತೊಟ್ಟಿಗೆ ಸಾಕಾಗುತ್ತದೆ. ತೊಟ್ಟಿಯೊಳಗೆ ಡ್ರಾಪ್ ಚೆಕ್ಕರ್ (ಅನಿಲದ ಮಟ್ಟವನ್ನು ಬಣ್ಣದಿಂದ ತೋರಿಸುವ ಪುಟ್ಟ ಬುಡ್ಡಿ) ಇಳಿಬಿಟ್ಟರೆ, ಅದರ ದ್ರಾವಣ ನೀಲಿಯಾಗಿದ್ದಾಗ ಅನಿಲ ಕಡಿಮೆ, ತಿಳಿಹಸಿರಾಗಿದ್ದಾಗ ಸರಿ, ಹಳದಿಯಾದರೆ ಮೀನಿಗೆ ಅಪಾಯ ಎಂದು ತಿಳಿಯಿರಿ. ದೀಪ ಹತ್ತುವುದಕ್ಕೆ ಒಂದು ಗಂಟೆ ಮುಂಚೆ ಅನಿಲ ಬಿಟ್ಟು, ದೀಪ ಆರುವಾಗ ನಿಲ್ಲಿಸಿ. ಬೆಳಕು ದಿನಕ್ಕೆ ಆರು ಗಂಟೆಯಿಂದ ಆರಂಭವಾಗಿ ಎಂಟನ್ನು ಮೀರದಿರಲಿ.

ಅನಿಲದ ಗೊಡವೆ ಬೇಡವೆಂದಾದರೆ ಸ್ಯಾಜಿಟೇರಿಯಾ ಸಬ್ಯುಲಾಟಾ ನೆಡಿ. ಅದು ಗಡಸು ನೀರಿನಲ್ಲಿಯೂ ಬಳ್ಳಿ ಹಾಯಿಸಿ ಹಬ್ಬುತ್ತದೆ; ಹಾಸು ಅಷ್ಟು ಗಿಡ್ಡವಾಗಿರುವುದಿಲ್ಲ, ಆದರೆ ಹಸಿರಿಗೆ ಕೊರತೆಯಿಲ್ಲ. ಶ್ರೀಲಂಕಾ ಮೂಲದ ಕ್ರಿಪ್ಟೊಕೊರೈನ್ ಪಾರ್ವಾ ತೀರ ಗಿಡ್ಡವಾಗಿಯೇ ಉಳಿಯುತ್ತದೆ, ಬೆಳವಣಿಗೆ ಮಾತ್ರ ಬಹಳ ನಿಧಾನ. ನಿಮ್ಮ ಊರಿನ ಬೇಸಿಗೆಯಲ್ಲಿ ನೀರು 28 ಡಿಗ್ರಿ ದಾಟಿದರೆ ಮೇಲ್ಮೈಗೆ ಗಾಳಿ ಬೀಸುವಂತೆ ಸಣ್ಣ ಫ್ಯಾನ್ ಇಡಿ. ಆವಿಯಾಗುವ ನೀರೇ ಎರಡು ಮೂರು ಡಿಗ್ರಿ ತಂಪು ಮಾಡುತ್ತದೆ. ಆವಿಯಾದಷ್ಟನ್ನು ಆರ್‌ಓ ನೀರಿನಿಂದ ತುಂಬಿಸಿ; ಬೋರ್‌ವೆಲ್ ನೀರನ್ನೇ ಸುರಿಯುತ್ತ ಹೋದರೆ ಲವಣ ಏರುತ್ತಲೇ ಇರುತ್ತದೆ. ಹೊಸ ಅಕ್ವಾಸಾಯಿಲ್ ಮೊದಲ ವಾರಗಳಲ್ಲಿ ಅಮೋನಿಯಾ ಬಿಡುವುದರಿಂದ ಆಗಾಗ ಅರ್ಧದಷ್ಟು ನೀರು ಬದಲಾಯಿಸಿ, ನೀರಿನ ಪರೀಕ್ಷೆಯಲ್ಲಿ ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆ ತೋರಿಸುವ ತನಕ ಮೀನು ಬಿಡಬೇಡಿ. ಗಪ್ಪಿಗೆ ನಿಮ್ಮ ಗಡಸು ನೀರು ಹಿತವೇ. ನಿಯಾನ್ ಟೆಟ್ರಾ ಮೃದು ನೀರಿನ ಮೀನಾದ್ದರಿಂದ ಅದನ್ನು ಕೈಬಿಡುವುದು ಒಳ್ಳೆಯದು.

ತೆಗೆದ ಸಸಿಗಳನ್ನಾಗಲಿ ಉಳಿದ ಬೀಜವನ್ನಾಗಲಿ ಚರಂಡಿಗೆ, ಕೆರೆಗೆ ಎಸೆಯಬೇಡಿ. ಯಾವ ದೇಶದ ಯಾವ ಗಿಡವೆಂದು ಗೊತ್ತಿಲ್ಲದ ಬೀಜ ಅದು. ವಿದೇಶದಿಂದ ಬೀಜ ತರಿಸಲು 2003ರ ಸಸ್ಯ ಸಂಪರ್ಕತಡೆ ಆದೇಶದಂತೆ ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅಂಚೆಯಲ್ಲಿ ಬರುವ ಇಂಥ ಪೊಟ್ಟಣಗಳಲ್ಲಿ ನಾನು ಅವನ್ನು ಕಂಡಿಲ್ಲ. ನಮ್ಮ ದೇಶದ್ದೇ ಆದ ಹೈಗ್ರೋಫಿಲಾ ಪಾಲಿಸ್ಪರ್ಮಾ ಅಮೆರಿಕದ ಫ್ಲಾರಿಡಾ ರಾಜ್ಯದ ಕಾಲುವೆಗಳಲ್ಲಿ ಹಬ್ಬಿ ಅಲ್ಲಿ ನಿಷೇಧಿತ ಕಳೆಯಾಗಿದೆ. ಅದು ಅಲ್ಲಿಗೆ ಹೋದದ್ದೂ ಅಕ್ವೇರಿಯಂ ವ್ಯಾಪಾರದ ಮೂಲಕವೇ. ಸಸಿಗಳನ್ನು ಬಿಸಿಲಿನಲ್ಲಿ ಗರಿಗರಿಯಾಗುವ ತನಕ ಒಣಗಿಸಿ ಸುಟ್ಟುಬಿಡಿ, ಬೀಜವನ್ನು ಕುದಿಯುವ ನೀರಿಗೆ ಹಾಕಿ ನಂತರ ಎಸೆಯಿರಿ. ಭರಣಿಯಲ್ಲಿಟ್ಟ ಹಿಡಿ ಸಸಿಯ ಚಿತ್ರವನ್ನು ತಿಂಗಳಾದ ಮೇಲೆ ಇಲ್ಲಿ ಹಾಕಿ. ಹೊಸ ಎಲೆಯ ಆಕಾರ ನೋಡಿದರೆ ಮೇಷ್ಟ್ರು ಅದರ ಕುಲವನ್ನಾದರೂ ಹೇಳಬಲ್ಲರು.