ಎರಡು ನೀರು ಸೇರಿದರೆ ಸೀಸದ ಅದಿರು ಹೇಗಾಗುತ್ತದೆ?

ಬಿಎಸ್ಸಿ_ಬೆಂಚು: ಅಮೆರಿಕದ ಮಿಸೌರಿಯ ಸೀಸ-ಸತುವಿನ ಅದಿರು 'ದ್ರವಗಳ ಮಿಶ್ರಣದಿಂದ' ಆಯಿತು ಅಂತ ನಮ್ಮ ನೋಟ್ಸ್‌ನಲ್ಲಿ ಒಂದೇ ಸಾಲು ಇದೆ. ಬಿಸಿನೀರು ತಣ್ಣಗಾದರೆ ಕರಗಿದ್ದು ತಾನೇ ಹೊರಗೆ ಬರುತ್ತದೆ ಅಲ್ವಾ? ಇನ್ನೊಂದು ನೀರು ಯಾಕೆ ಬೇಕು?

ಗಣಿಧೂಳು: ತಣ್ಣಗಾದರೂ ಒಂದಿಷ್ಟು ಬೀಳುತ್ತದೆ, ಇಲ್ಲ ಅನ್ನಲ್ಲ. ಆದರೆ ಅಲ್ಲಿ ಸಿಕ್ಕಷ್ಟು ಅದಿರಿಗೆ ಅದು ಸಾಲದು. ತಕರಾರು ಇರುವುದು ಗಂಧಕದ್ದು. ಸೀಸವನ್ನು ಹೊತ್ತು ತರುವುದು ಗಟ್ಟಿ ಉಪ್ಪುನೀರು, ಅದರ ಕ್ಲೋರೈಡು ಸೀಸವನ್ನು ಹಿಡಿದುಕೊಂಡಿರುತ್ತದೆ. ಅದೇ ನೀರಿನಲ್ಲಿ ಗಂಧಕ ಇರುವ ಗ್ಯಾಸ್, ಅಂದರೆ ಹೈಡ್ರೋಜನ್ ಸಲ್ಫೈಡ್, ಜಾಸ್ತಿ ಇದ್ದರೆ ಸೀಸ ದಾರಿಯಲ್ಲೇ ಗೆಲೀನಾ (ಸೀಸ-ಗಂಧಕ ಸೇರಿದ ಅದಿರು) ಆಗಿ ಕೂತುಬಿಡುತ್ತದೆ. ಹಾಗಾಗಿ ಲೋಹ ಒಂದು ನೀರಿನಲ್ಲಿ ಬರಬೇಕು, ಗಂಧಕ ಇನ್ನೊಂದರಲ್ಲಿ. ಎರಡೂ ಡಾಲಮೈಟಿನ (ಸುಣ್ಣಕಲ್ಲಿನಂಥ ಕಲ್ಲು) ಬಿರುಕು, ಪೊಟರೆಗಳಲ್ಲಿ ಎದುರಾದ ಕಡೆ ಅದಿರು. ಲ್ಯಾಬ್‌ನಲ್ಲಿ ಸೀಸದ ದ್ರಾವಣಕ್ಕೆ ಆ ಕೊಳೆತ ಮೊಟ್ಟೆ ವಾಸನೆಯ ಗ್ಯಾಸ್ ಬಿಟ್ಟಾಗ ಕಪ್ಪಗೆ ತಳ ಕೂರುತ್ತದಲ್ಲ, ಕ್ರಿಯೆ ಅದೇ.

ನಾನು ಇಂಥ ಕಡೆಯ ಸ್ಫಾಲರೈಟಿನ (ಸತು-ಗಂಧಕ ಸೇರಿದ ಅದಿರು) ತೆಳು ಚೂರುಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡುವ ಕೆಲಸ ಮಾಡಿದವನು. ಜೇನುಬಣ್ಣದ ಹರಳಿನೊಳಗೆ ಆಗಿನ ನೀರಿನ ಹನಿಯೇ ಸಿಕ್ಕಿಕೊಂಡಿರುತ್ತದೆ, ಮಿಲಿಮೀಟರಿನ ನೂರನೇ ಒಂದು ಪಾಲಿನಷ್ಟು. ಅದರೊಳಗೆ ಒಂದು ಗುಳ್ಳೆ ಸುಮ್ನೆ ಅದುರುತ್ತಿರುತ್ತದೆ. ನಿಧಾನಕ್ಕೆ ಬಿಸಿ ಮಾಡಿದರೆ ಗುಳ್ಳೆ ಕುಗ್ಗಿ ಮಾಯ. ಆ ಡಿಗ್ರಿ ಬರೆದುಕೊಂಡರೆ ಹರಳು ಬೆಳೆದಾಗ ನೀರು ಕನಿಷ್ಠ ಎಷ್ಟು ಬಿಸಿ ಇತ್ತು ಅಂತ ಗೊತ್ತಾಗುತ್ತದೆ. ಈ ಜಾತಿಯ ಅದಿರುಗಳಲ್ಲಿ ಸಾಮಾನ್ಯವಾಗಿ 75ರಿಂದ 200 ಡಿಗ್ರಿ ಸೆಲ್ಸಿಯಸ್. ಹನಿಯನ್ನು ಹೆಪ್ಪುಗಟ್ಟಿಸಿ ಕರಗಿಸಿದರೆ ಉಪ್ಪಿನ ಲೆಕ್ಕವೂ ಸಿಗುತ್ತದೆ: ಶೇ 10ರಿಂದ 30. ಸಮುದ್ರದ ನೀರಿನಲ್ಲಿ ಬರೀ ಶೇ 3.5! ಒಂದೇ ಹರಳಿನ ಪದರಗಳಲ್ಲಿ ಉಪ್ಪು ಏರುಪೇರಾಗಿದ್ದರೆ ಬೇರೆ ಬೇರೆ ನೀರು ಬಂದುಹೋದ ಸುಳಿವು.

ಕೋಲಾರದ_ಮೊಮ್ಮಗ: ಹಾಗಾದ್ರೆ ನಮ್ಮ ಕೆಜಿಎಫ್ ಚಿನ್ನವೂ ಹೀಗೇನಾ ಸಾರ್?

ಗಣಿಧೂಳು: ಅದನ್ನು ಈ ಸಾಲಿಗೆ ಸೇರಿಸಬೇಡಿ. ಅಂಥ ಕಡೆ ಚಿನ್ನವನ್ನು ಹೊತ್ತು ತರುವುದೇ ಗಂಧಕ. ಕಬ್ಬಿಣ ಜಾಸ್ತಿ ಇರುವ ಕಲ್ಲು ಆ ಗಂಧಕವನ್ನು ಕಿತ್ತುಕೊಂಡರೆ, ಅಥವಾ ಒತ್ತಡ ಇಳಿದು ಗ್ಯಾಸ್ ಬೇರೆಯಾದರೆ, ಚಿನ್ನ ಅಲ್ಲೇ ಉಳಿಯುತ್ತದೆ. ಮಿಶ್ರಣವನ್ನು ಕಣ್ಣಾರೆ ನೋಡಬೇಕಾದರೆ ಬ್ಲ್ಯಾಕ್ ಸ್ಮೋಕರ್, ಅಂದರೆ ಸಮುದ್ರದ ತಳದ ಕಪ್ಪು ಬಿಸಿನೀರಿನ ಬುಗ್ಗೆ, ಅದರ ವಿಡಿಯೋ ನೋಡಿ. 1979ರಲ್ಲಿ ಮೆಕ್ಸಿಕೊ ಹತ್ತಿರ ಪೆಸಿಫಿಕ್ ತಳದಲ್ಲಿ ಆಲ್ವಿನ್ ಎಂಬ ಮುಳುಗು ನೌಕೆಯವರು ಕಂಡದ್ದು. ಸುಮಾರು 350 ಡಿಗ್ರಿ ನೀರು 2 ಡಿಗ್ರಿ ನೀರಿಗೆ ನುಗ್ಗುತ್ತದೆ. ಕಾಣುವುದು ಹೊಗೆಯಲ್ಲ, ಸಲ್ಫೈಡ್ (ಲೋಹ-ಗಂಧಕ ಸೇರಿದ) ಪುಡಿ.

ಬಿಎಸ್ಸಿ_ಬೆಂಚು: ಅಲ್ಲಿ ಲೋಹ, ಗಂಧಕ ಎರಡೂ ಒಂದೇ ನೀರಿನಲ್ಲಿ ಬಂತಲ್ಲ! ನೀವೇ ಆಗಲ್ಲ ಅಂದಿರಿ.

ಗಣಿಧೂಳು: ಒಳ್ಳೇ ಪಟ್ಟು. 350 ಡಿಗ್ರಿಯ ಹುಳಿ (ಆಮ್ಲೀಯ) ನೀರು ಎರಡನ್ನೂ ಹೊರಬಲ್ಲದು. ಮಿಸೌರಿಯಂಥ ಕಡೆಯ 120 ಡಿಗ್ರಿಯ ನೀರಿಗೆ ಆ ತಾಕತ್ತಿಲ್ಲ.