ಬೆಂಗಳೂರು–ಟೋಕಿಯೊ: ಹೋಗೋಕೆ ಎಷ್ಟು ಹೊತ್ತು, ಬರೋಕೆ ಎಷ್ಟು?

ದುರ್ಗದವನು:
ಎಲ್ಲರಿಗೂ ನಮಸ್ಕಾರ. ತಂಗಿಯ ಬಾಣಂತನಕ್ಕೆ ನಮ್ಮವ್ವ ನವೆಂಬರ್‌ನಲ್ಲಿ ಟೋಕಿಯೊಗೆ ಹೊರಟಿದ್ದಾಳೆ. ವಯಸ್ಸು 64, ಶುಗರ್ ಇದೆ, ವಿಮಾನ ಹತ್ತೋದು ಇದೇ ಮೊದಲು. ಬೆಂಗಳೂರಿಂದ ಟೋಕಿಯೊದ ನರಿತಾ ವಿಮಾನ ನಿಲ್ದಾಣಕ್ಕೆ ನೇರ ವಿಮಾನ. ಟಿಕೆಟ್ ಪ್ರಕಾರ ರಾತ್ರಿ 2:40ಕ್ಕೆ ಹೊರಟು ಮಧ್ಯಾಹ್ನ 2:10ಕ್ಕೆ ಇಳಿಯುತ್ತೆ. ಜನವರಿಯಲ್ಲಿ ವಾಪಸ್ ಬರುವಾಗ ಸಂಜೆ 6:30ಕ್ಕೆ ಹೊರಟು ರಾತ್ರಿ 12:45ಕ್ಕೆ ಬೆಂಗಳೂರು. ಅಂದ್ರೆ ಹೋಗೋಕೆ ಹನ್ನೊಂದೂವರೆ ಗಂಟೆ, ಬರೋಕೆ ಆರೂಕಾಲು. ಟ್ರಾವೆಲ್ಸ್‌ನವರು ನೋಡಿದ್ರೆ ಬರುವಾಗಲೇ ಜಾಸ್ತಿ ಹೊತ್ತು ಅಂತಾರೆ. ಅವ್ವ ಮಾತ್ರೆ ತಗೊಂಡು ಊಟ ತಡವಾದ್ರೆ ಕೈ ನಡುಗುತ್ತೆ, ಬೆವರುತ್ತಾಳೆ. ಅಸಲಿಗೆ ಎಷ್ಟು ಹೊತ್ತು ಕೂತಿರಬೇಕು, ಯಾರಾದ್ರೂ ತಿಳಿಸಿ.

ಚಿಬಾ ಕನ್ನಡಿಗ:
ಟ್ರಾವೆಲ್ಸ್‌ನವರು ಹೇಳಿದ್ದೇ ಸರಿ ಸರ್. ಜಪಾನ್ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದೆ. ಹೋಗುವಾಗಿನ ಹನ್ನೊಂದೂವರೆಯಲ್ಲಿ ಅದನ್ನು ಕಳೆಯಿರಿ, ಎಂಟು ಗಂಟೆ. ಬರುವಾಗಿನ ಆರೂಕಾಲಿಗೆ ಕೂಡಿಸಿ, ಒಂಬತ್ತೂ ಮುಕ್ಕಾಲು. ನೇರ ದೂರ ಎರಡೂ ಕಡೆಗೆ ಸುಮಾರು 6,700 ಕಿ.ಮೀ.

ವ್ಯತ್ಯಾಸ ಮಾಡೋದು ಗಾಳಿ. ಸುಮಾರು ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನೋ ಜೋರು ಗಾಳಿ ಬೀಸುತ್ತೆ. ಹೋಗುವಾಗ ಅದು ಹಿಂದಿನಿಂದ ತಳ್ಳುತ್ತೆ, ಬರುವಾಗ ಎದುರಾಗುತ್ತೆ. ಚಳಿಗಾಲದಲ್ಲಿ ಜಪಾನ್ ಮೇಲೆ ಅದರ ವೇಗ ಗಂಟೆಗೆ 200 ಕಿ.ಮೀ. ದಾಟೋದು ಮಾಮೂಲು. ಆಷಾಢದ ಗಾಳಿಗೆ ಎದುರಾಗಿ ನಿಮ್ಮೂರಲ್ಲಿ ಸೈಕಲ್ ತುಳಿದಿದ್ರೆ ನಿಮಗೇ ಗೊತ್ತಿರುತ್ತೆ. ಈ ಜೆಟ್ ಸ್ಟ್ರೀಮನ್ನು 1920ರ ದಶಕದಲ್ಲೇ ಬಲೂನು ಹಾರಿಸಿ ಅಳೆದವರು ಜಪಾನಿನವರೇ ಆದ ಹವಾಮಾನ ತಜ್ಞ ವಾಸಾಬುರೊ ಓಯಿಶಿ. ವರದಿಯನ್ನು ಎಸ್ಪೆರಾಂಟೊ ಅನ್ನೋ, ಕೆಲವರಿಗಷ್ಟೇ ಬರುವ ಕೃತಕ ಭಾಷೆಯಲ್ಲಿ ಬರೆದರು, ಹೊರಗಿನವರ ಕಣ್ಣಿಗೆ ಹೆಚ್ಚು ಬೀಳಲೇ ಇಲ್ಲ. ನನಗೆ ಇವತ್ತಿಗೂ ಅದು ಬೇಜಾರಿನ ಸಂಗತಿ.

ಇಳಿದ ಮೇಲೂ ದಾರಿ ಇದೆ. ನರಿತಾ ಇರೋದು ಟೋಕಿಯೊ ನಡುವಿನಿಂದ ಸುಮಾರು 60 ಕಿ.ಮೀ. ಆಚೆ. ಇಮಿಗ್ರೇಷನ್ ಸಾಲು, ಲಗೇಜು, ರೈಲು ಎಲ್ಲ ಸೇರಿ ಮನೆ ಮುಟ್ಟೋಕೆ ಇನ್ನೂ ಮೂರು ಗಂಟೆ ಇಟ್ಟುಕೊಳ್ಳಿ. ಕೈಚೀಲದಲ್ಲಿ ಚಪಾತಿ, ಚಟ್ನಿಪುಡಿ ಇರಲಿ. ಆದರೆ ವಿಮಾನದಲ್ಲೇ ತಿಂದು ಮುಗಿಸಲಿ. ಹಣ್ಣು, ಹಸಿ ಕರಿಬೇವು ಬೇಡವೇ ಬೇಡ, ಇಲ್ಲಿ ತಪಾಸಣೆಯಲ್ಲಿ ತೆಗೆದುಬಿಡ್ತಾರೆ.

ಸುಮಾ:
ಅಣ್ಣಾ, ಮಾತ್ರೆ ವಿಷಯ ಮರೀಬೇಡಿ. ಡಾಕ್ಟರ್ ಬರೆದುಕೊಟ್ಟ ಮಾತ್ರೆಯನ್ನು ಜಪಾನ್‌ಗೆ ಹಾಗೇ ಒಯ್ಯೋಕೆ ಬಿಡೋದು ಒಂದು ತಿಂಗಳಿಗಾಗುವಷ್ಟು. ಅದಕ್ಕಿಂತ ಹೆಚ್ಚಾದ್ರೆ ‘ಯುನ್ಯು ಕಾಕುನಿನ್‌ಶೋ’ ಅನ್ನೋ ಪತ್ರಕ್ಕೆ ಮೊದಲೇ ಅರ್ಜಿ ಹಾಕಬೇಕು. ನಮ್ಮತ್ತೆ ಹೊರಟಾಗ ಇದು ಗೊತ್ತಾಗಿದ್ದು ಹಿಂದಿನ ವಾರ. ಅರ್ಧ ಮಾತ್ರೆ ಮನೇಲೇ ಬಿಟ್ಟು ಹೋದ್ರು. ಮಾತ್ರೆ ಹೊತ್ತಿನ ಬಗ್ಗೆ ನಿಮ್ಮ ಡಾಕ್ಟರ್‌ಗೆ ಎರಡೂ ಊರಿನ ಟೈಮು ಬರೆದು ತೋರಿಸಿ, ಅವರೇ ಹೇಳಲಿ.

ದುರ್ಗದವನು:
ಸುಮಾ ಅವರೇ, ನಾವು ಮೂರು ತಿಂಗಳ ಮಾತ್ರೆ ಆಗಲೇ ಕಟ್ಟಿಟ್ಟಿದ್ವಿ! ಪತ್ರದ ಕೆಲಸ ಇವತ್ತೇ ಶುರು ಮಾಡ್ತೀನಿ. ಚಿಬಾ ಸರ್, ನಿಮ್ಮ ಲೆಕ್ಕವನ್ನು ಕ್ಯಾಲೆಂಡರ್ ಹಿಂದೆ ದೊಡ್ಡಕ್ಷರದಲ್ಲಿ ಬರೆದುಕೊಟ್ಟೆ. ಅವ್ವ ಅದನ್ನು ಮಡಚಿ ಎಲೆಅಡಿಕೆ ಚೀಲದಲ್ಲಿ ಇಟ್ಕೊಂಡಳು.